ಸೈಕಲ್ ಕಟ್ಟೆ: ಪೆಡಲ್‌ಗಿಂತ ಮೊದಲು ಪಾಸ್‌ಬುಕ್

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ದೂರ ಸೈಕಲ್ ತುಳಿದು ದಾಖಲೆ ಮಾಡಬೇಕು, ಅದರಿಂದ ಕಷ್ಟದಲ್ಲಿ ಇರುವವರಿಗೆ ನಾಲ್ಕು ಕಾಸು ಕೂಡಿಸಬೇಕು. ನಾನು ಧಾರವಾಡದಲ್ಲಿ ಬ್ಯಾಂಕ್ ಕೆಲಸ ಮಾಡಿ ನಿವೃತ್ತಳಾದವಳು. ಸೈಕಲ್ ಹುಚ್ಚು ಹತ್ತಿದ್ದು ಆಮೇಲೆ. ರೊಕ್ಕದ ವಿಷಯ, ಸೈಕಲ್ ವಿಷಯ ಎರಡೂ ಒಟ್ಟಿಗೆ ಬಂದಮೇಲೆ ಬೇರೆಯವರ ಕಡೆ ಕೈ ತೋರಿಸೋ ಹಾಗಿಲ್ಲ. ಉಳಿದ ಪ್ರಶ್ನೆಗಳು ಮುಂದಿನ ಸಂಚಿಕೆಗೆ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಶಿರಹಟ್ಟಿ ತಾಲ್ಲೂಕಿನ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ, ವಯಸ್ಸು 31. ದಿನಾ ಶಾಲೆಗೆ ಹೋಗಿ ಬರೋದು ಸೈಕಲ್ ಮೇಲೆ. ನಮ್ಮೂರಿನ ಕೆಲವರು ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಸಲ ಗದಗಕ್ಕೆ ಹೋಗಬೇಕು. ಹೋಗಿ ಬರೋ ಖರ್ಚೇ ಅವರಿಗೆ ದೊಡ್ಡ ಹೊರೆ. ಬೇಸಿಗೆ ರಜೆಯಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಗೆ ತುಳಿದು ಗಿನ್ನೆಸ್ ದಾಖಲೆ ಮಾಡಿ, 5 ಲಕ್ಷ ರೂಪಾಯಿ ಕೂಡಿಸುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾಸ್ತರ್ರೇ, ಲೆಕ್ಕದಿಂದ ಶುರು ಮಾಡೋಣ. ಶ್ರೀನಗರದಿಂದ ಕನ್ಯಾಕುಮಾರಿಗೆ ಸುಮಾರು 3,600 ಕಿ.ಮೀ. ನಾಸಿಕ್‌ನ ಓಂ ಮಹಾಜನ್ 2020ರಲ್ಲಿ ಇದನ್ನು ಎಂಟು ದಿನ ಏಳು ಗಂಟೆ ಚಿಲ್ಲರೆಯಲ್ಲಿ ಮುಗಿಸಿದ. ಮರುವರ್ಷ ಕಾಶ್ಮೀರದ ಆದಿಲ್ ತೇಲಿ ಇನ್ನೂ ಕೆಲವು ಗಂಟೆ ಇಳಿಸಿದ. ದಿನಕ್ಕೆ ಹತ್ತಿರ ಹತ್ತಿರ 450 ಕಿ.ಮೀ. ಆಯಿತು. ಹುಬ್ಬಳ್ಳಿಯಲ್ಲಿ ಹತ್ತಿದರೆ ಬೆಂಗಳೂರು ದಾಟಿ ಮುಂದೆ ಹೋಗಿರಬೇಕು. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಓಂ ಮಹಾಜನ್‌ನ ಅಪ್ಪ ಮತ್ತು ಕಾಕಾ ಇಬ್ಬರೂ 2015ರಲ್ಲಿ ಅಮೆರಿಕದ ಈ ತೀರದಿಂದ ಆ ತೀರದವರೆಗಿನ 'ರಾಮ್' (ರೇಸ್ ಅಕ್ರಾಸ್ ಅಮೆರಿಕ) ಸೈಕಲ್ ಸ್ಪರ್ಧೆಯನ್ನು ಜೋಡಿಯಾಗಿ ಮುಗಿಸಿದವರು. ಆ ಮನೆಯಲ್ಲಿ ಊಟದ ಹೊತ್ತಿಗೂ ಇದೇ ಮಾತು ನಡೆದಿರುತ್ತದೆ. ಇಂಥ ದಾಖಲೆಗೆ ಹೊರಟವರ ಹಿಂದೆ ಒಂದು ಕಾರು, ಅದರಲ್ಲಿ ಪಾಳಿಯ ಮೇಲೆ ಡ್ರೈವರ್‌ಗಳು, ಮೆಕ್ಯಾನಿಕ್, ಬಾಯಿಗೆ ತುತ್ತು ಕೊಡೋರು, ರಾತ್ರಿ ದಾರಿ ತೋರಿಸೋರು. ಡೀಸೆಲ್, ಇಷ್ಟು ಜನರ ಊಟ, ವಸತಿ, ಶ್ರೀನಗರಕ್ಕೆ ಮುಟ್ಟುವ ಖರ್ಚು, ಎಲ್ಲ ಕಾಗದದ ಮೇಲೆ ಬರೆದು ಕೂಡಿಸಿ ನೋಡಿ. ನಿಮ್ಮ 5 ಲಕ್ಷದ ದೊಡ್ಡ ತುಂಡು ಅಲ್ಲೇ ಹೋಗುತ್ತದೆ. ಅದೂ ಬೇಸಿಗೆ ರಜೆಯಲ್ಲಿ! ಆ ಹೆದ್ದಾರಿ ಹೋಗೋದು ನಾಗಪುರ, ಆದಿಲಾಬಾದ್ ಮೇಲೆ. ಮೇ ತಿಂಗಳಲ್ಲಿ ಅಲ್ಲಿ 44-45 ಡಿಗ್ರಿ ಬಿಸಿಲು. ಬೇಡ.

ಗಿನ್ನೆಸ್ ಬಗ್ಗೆ ಎರಡು ಮಾತು, ಯಾಕಂದರೆ ಇನ್ನೂ ಹಲವರು ಕೇಳಿದ್ದಾರೆ. ಮೊದಲು ತುಳಿದು ಆಮೇಲೆ ಅರ್ಜಿ ಹಾಕುವ ಪದ್ಧತಿ ಇಟ್ಟುಕೊಳ್ಳಬೇಡಿ. ಅರ್ಜಿ ಹಾಕಬೇಕು, ಆ ದಾಖಲೆಗೆ ಇರುವ ನಿಯಮಗಳನ್ನು ಅವರು ಕಳಿಸಬೇಕು, ಆಮೇಲೆ ಅದರಂತೆ ತುಳಿಯಬೇಕು. ಉತ್ತರ ಬರಲು ತಿಂಗಳುಗಟ್ಟಲೆ ಆಗುತ್ತದೆ. ಬೇಗ ಬೇಕೆಂದರೆ ದುಡ್ಡು. ದಾಖಲೆ ಅಳೆಯುವಂತಿರಬೇಕು, ಇನ್ನೊಬ್ಬರು ಮುರಿಯುವಂತಿರಬೇಕು, ಸಾಬೀತು ಮಾಡುವಂತಿರಬೇಕು. 'ರೋಗಿಗಳಿಗಾಗಿ ಅತಿ ದೂರ ತುಳಿದ ಗದಗ ಜಿಲ್ಲೆಯ ಶಿಕ್ಷಕ' ಅಂತ ಬರೆದರೆ ತಿರುಗಿ ಬರುತ್ತದೆ. ಜಿಪಿಎಸ್ ಫೈಲ್, ದಿನಚರಿ ಪುಸ್ತಕ, ಫೋಟೊ, ವಿಡಿಯೊ, ದಾರಿಯಲ್ಲಿ ಸಾಕ್ಷಿ ಹೇಳುವವರ ಸಹಿ, ಇಷ್ಟೂ ಬೇಕು. ಭಾವ, ಮೈದುನ ಸಾಕ್ಷಿಗೆ ನಡೆಯೋದಿಲ್ಲ. ದಾಖಲೆ ಆದರೂ ಅವರು ಒಂದು ರೂಪಾಯಿ ಬಹುಮಾನ ಕೊಡೋದಿಲ್ಲ. ಫೀ ಕಟ್ಟಿದರೆ ಸಾಕು, ಮೆಡಲ್ಲು ಸರ್ಟಿಫಿಕೇಟು ಮನೆಗೇ ಕಳಿಸುತ್ತೇವೆ ಅನ್ನುವ ರೆಕಾರ್ಡ್ ಪುಸ್ತಕಗಳೂ ಇವೆ. ಆ ಫೀ ದುಡ್ಡನ್ನು ನೇರ ರೋಗಿಗೆ ಕೊಟ್ಟುಬಿಡಿ, ಅದೇ ಒಳ್ಳೆಯದು.

ಈಗ ನನ್ನ ಲೆಕ್ಕ ಕೇಳಿ. ನಿಮ್ಮೂರಿಂದ ಗದಗದ ಆಸ್ಪತ್ರೆಗೆ ಹೋಗಿ ಬರಲು 60 ಕಿ.ಮೀ. ಅಂತ ಇಟ್ಟುಕೊಳ್ಳೋಣ, ಸರಿಯಾದ ದೂರ ನೀವು ಹಾಕಿಕೊಳ್ಳಿ. ವಾರಕ್ಕೆ ಎರಡು ಸಲ ಅಂದರೆ ವರ್ಷಕ್ಕೆ 104 ಸಲ. ಒಟ್ಟು 6,240 ಕಿ.ಮೀ. ನಿಮ್ಮೂರಿನ ಆ ರೋಗಿ ಪ್ರತಿ ವರ್ಷ ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗಿ, ಅಲ್ಲಿಂದ ಮುಕ್ಕಾಲು ದಾರಿ ವಾಪಸ್ ಬರುವಷ್ಟು ದೂರ ಓಡಾಡುತ್ತಾರೆ. ಬಸ್ಸಿನಲ್ಲಿ ನಿಂತುಕೊಂಡು, ಕೈಗೆ ಬ್ಯಾಂಡೇಜ್ ಸುತ್ತಿಕೊಂಡು. ಯಾರೂ ಹಾರ ಹಾಕೋದಿಲ್ಲ.

ಅದೇ ದಾರಿಯನ್ನು ನೀವು ತುಳಿಯಿರಿ. ದಿನಕ್ಕೆ ಎರಡು ಸಲ ಹೋಗಿ ಬಂದರೆ 52 ದಿನಕ್ಕೆ ಒಬ್ಬ ರೋಗಿಯ ಒಂದು ವರ್ಷ ಮುಗಿಯುತ್ತದೆ. ರಜೆ ಅಷ್ಟು ಉದ್ದ ಇಲ್ಲದಿದ್ದರೆ ಭಾನುವಾರಗಳನ್ನು ಸೇರಿಸಿಕೊಳ್ಳಿ. ಬೆಳಗ್ಗೆ ನಾಲ್ಕೂವರೆಗೆ ಹೊರಟರೆ ಬಿಸಿಲೇರುವ ಮೊದಲು ಒಂದು ಸುತ್ತು. ಸಂಜೆ ಇನ್ನೊಂದು. ಒಂದು ಸಲ ಹೋಗಿ ಬರುವ ಬಸ್ಸು, ಆಟೊ, ಚಹಾ ಸೇರಿ ರೋಗಿಗೆ ಎಷ್ಟು ಖರ್ಚು ಅಂತ ಅವರ ಮನೆಯವರನ್ನೇ ಕೇಳಿ. ಆ ಮೊತ್ತವನ್ನು 'ಒಂದು ಸುತ್ತಿನ ದೇಣಿಗೆ' ಅಂತ ಇಡಿ. ದಾರಿ ಮೇಲಿನ ಪ್ರತಿ ಊರಿನವರೂ ನಿಮ್ಮನ್ನು ದಿನಾ ನೋಡುತ್ತಾರೆ. ಹತ್ತನೇ ದಿನ ಚಹಾ ಅಂಗಡಿಯವನು ಕೇಳುತ್ತಾನೆ, ಏನ್ರೀ ಮಾಸ್ತರ, ದಿನಾ ಎಲ್ಲಿಗೆ ಅಂತ. ಅಲ್ಲಿಂದ ಹಣ ಬರಲು ಶುರು. ಕಾಶ್ಮೀರದಲ್ಲಿ ನಿಮ್ಮನ್ನು ಕೇಳೋರು ಯಾರು?

ಆದರೂ ಒಂದು ದೊಡ್ಡ ಸವಾಲು ಬೇಕೇ ಬೇಕು ಅಂದರೆ ಬ್ರೆವೆ ತುಳಿಯಿರಿ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಪ್ಯಾರಿಸ್‌ನ ಆಡಾಕ್ಸ್ ಕ್ಲಬ್ ಮಾಡಿದ ನಿಯಮ, ನಮ್ಮಲ್ಲಿ ಆಡಾಕ್ಸ್ ಇಂಡಿಯಾ ನೋಡಿಕೊಳ್ಳುತ್ತದೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಊಟ, ನಿದ್ದೆ, ಪಂಕ್ಚರ್ ಎಲ್ಲ ಅದರೊಳಗೇ. ಮೊದಲನೆಯವ, ಕೊನೆಯವ ಅನ್ನೋದಿಲ್ಲ, ಸಮಯದೊಳಗೆ ಬಂದರೆ ಸೈ. ಕೈಗೊಂದು ಹಳದಿಯೋ ಬಿಳಿಯೋ ಕಾರ್ಡು ಕೊಡುತ್ತಾರೆ. ಗೊತ್ತುಮಾಡಿದ ಜಾಗ ಮುಟ್ಟಿದಾಗ ಅದರಲ್ಲಿ ಸಮಯ ಬರೆಸಿ ಸಹಿ ಹಾಕಿಸಬೇಕು. ನಡುರಾತ್ರಿ ಸಹಿಗೆ ಯಾರೂ ಇಲ್ಲ ಅಂದರೆ ಎಟಿಎಂಗೆ ಹೋಗಿ ಬ್ಯಾಲೆನ್ಸ್ ಚೀಟಿ ತೆಗೆದುಕೊಳ್ಳೋದು. ಅದರ ಮೇಲೆ ಊರು, ತಾರೀಖು, ಗಂಟೆ ಎಲ್ಲ ಇರುತ್ತಲ್ವಾ, ಅದೇ ಸಾಕ್ಷಿ. ಜನ್ಮವಿಡೀ ಆ ಯಂತ್ರಕ್ಕೆ ನೋಟು ತುಂಬಿಸಿದ ನನಗೆ ಅದರಿಂದ ಹೀಗೂ ಉಪಯೋಗ ಇದೆ ಅಂತ ಗೊತ್ತಾದದ್ದು ರಾಣೆಬೆನ್ನೂರಿನಲ್ಲಿ, ರಾತ್ರಿ ಎರಡು ಗಂಟೆಗೆ.

ನಾಲ್ಕನ್ನೂ ಒಂದೇ ಸೀಸನ್‌ನಲ್ಲಿ ಮುಗಿಸಿದರೆ 'ಸೂಪರ್ ರಾಂಡನರ್' ಅನ್ನುತ್ತಾರೆ. ಅಲ್ಲಿಂದ ಮುಂದೆ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇದೆ, 1,200 ಕಿ.ಮೀ., 90 ಗಂಟೆ. 1891ರಲ್ಲಿ ಶುರುವಾದದ್ದು. ಅದು ದೂರದ ಮಾತು. ಮೊದಲು 200 ತುಳಿದು ನನಗೊಂದು ಕಾಗದ ಬರೆಯಿರಿ.

ಪ್ರಶ್ನೆ: ನಾವು ಹುಬ್ಬಳ್ಳಿ ವಿದ್ಯಾನಗರದ ಐದು ಜನ ಗೆಳತಿಯರು. ಸೈಕಲ್ ಮೇಲೆ ಹಂಪಿಗೆ ಹೋಗಿ ಬಂದು ವಿಶೇಷ ಮಕ್ಕಳ ಶಾಲೆಯೊಂದಕ್ಕೆ ಹಣ ಕೊಡಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನೂ ಕಳಿಸುತ್ತಾನೆ. ವಾಟ್ಸ್‌ಆ್ಯಪ್‌ನಲ್ಲಿ ನನ್ನ ಫೋನ್‌ಪೇ ನಂಬರ್ ಹಾಕಿ, ಬಂದದ್ದನ್ನೆಲ್ಲ ಕೊನೆಗೆ ಶಾಲೆಗೆ ಕೊಟ್ಟರೆ ಸಾಕಲ್ವಾ ಅಕ್ಕಾ?

ಉತ್ತರ: ಸಾಲೋದಿಲ್ಲ ತಂಗಿ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ. ತೆರಿಗೆಯವರು ನಂಬಿಕೆ ನೋಡೋದಿಲ್ಲ, ಖಾತೆ ನೋಡುತ್ತಾರೆ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿಗಿಂತ ಜಾಸ್ತಿ ಉಡುಗೊರೆಯಾಗಿ ಬಂದರೆ ಅದಷ್ಟೂ ನಿಮ್ಮ ಆದಾಯ ಅಂತ ಲೆಕ್ಕ. ಅದು ನಿಮ್ಮದಲ್ಲ, ಶಾಲೆಯದು ಅಂತ ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಸಾಬೀತು ಮಾಡುತ್ತಾ ಕೂರಬೇಕು. ಯಾಕೆ ಬೇಕು ಈ ಉಸಾಬರಿ?

ಶಾಲೆ ನಡೆಸುವ ಸಂಸ್ಥೆಯದೇ ಖಾತೆ, ಅದರದೇ ಕ್ಯೂಆರ್ ಕೋಡ್ ಹಾಕಿ. ಹಣ ನಿಮ್ಮ ಕೈ ಮುಟ್ಟಲೇ ಬಾರದು. ದೇಣಿಗೆ ಕೊಟ್ಟವರು ಸ್ಕ್ರೀನ್‌ಶಾಟ್ ಮಾತ್ರ ನಿಮಗೆ ಕಳಿಸಲಿ, ಲೆಕ್ಕಕ್ಕೆ ಅಷ್ಟು ಸಾಕು. ಶುರು ಮಾಡುವ ಮೊದಲು ಸಂಸ್ಥೆಯ ಕಚೇರಿಗೆ ಐವರೂ ಹೋಗಿ ಚಹಾ ಕುಡಿದು, 80ಜಿ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ಅವಧಿ ಮುಗಿದಿಲ್ಲ ತಾನೇ ಅಂತಲೂ ನೋಡಿ. ಆ ಪತ್ರ ಇದ್ದರೆ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. ಹಳೆ ತೆರಿಗೆ ಪದ್ಧತಿಯಲ್ಲೇ ಉಳಿದವರಿಗೆ ಮಾತ್ರ, ಹೊಸದಕ್ಕೆ ಹೋದವರಿಗಿಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೂ ರಿಯಾಯಿತಿ ಇಲ್ಲ. ಹಾಗಾಗಿ ದೊಡ್ಡ ಮೊತ್ತ ಬ್ಯಾಂಕ್ ಮೂಲಕವೇ ಬರಲಿ, ಜೊತೆಗೆ ಪ್ಯಾನ್ ನಂಬರ್ ಇರಲಿ.

ಅಮೆರಿಕದಲ್ಲಿರುವ ಅಕ್ಕನ ಮಗ ಕಳಿಸುತ್ತಾನೆ ಅಂತೀರಿ. ಅವನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ತೊಂದರೆ ಇಲ್ಲ, ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ, ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ಮುಟ್ಟೋ ಹಾಗಿಲ್ಲ. ನೂರು ಡಾಲರ್ ಆಸೆಗೆ ಶಾಲೆಯನ್ನು ಸಿಕ್ಕಿಹಾಕಿಸಬೇಡಿ.

ಕೆಲಸದಲ್ಲಿದ್ದಾಗ ಕಣ್ಣಾರೆ ಕಂಡದ್ದು ಹೇಳುತ್ತೇನೆ. 2009ರ ನೆರೆ ಬಂದಾಗ ಒಂದು ಹಳ್ಳಿಯವರು ಮನೆ ಕಳೆದುಕೊಂಡವರಿಗೆಂದು ಹಣ ಕೂಡಿಸಿದರು. ಊರ ಹಿರಿಯರೊಬ್ಬರ ಉಳಿತಾಯ ಖಾತೆಗೆ ಹಾಕಿದರು. ದೇವರಂಥ ಮನುಷ್ಯ. ಹಂಚುವ ಮೊದಲೇ ಎದೆನೋವಿನಿಂದ ತೀರಿಕೊಂಡರು. ಖಾತೆಗೆ ನಾಮಿನಿ ಮಗ. ಆ ಹುಡುಗ ಮರಣಪತ್ರ ಹಿಡಿದು ಕೌಂಟರ್ ಮುಂದೆ ನಿಂತಾಗ ಅವನ ಹಿಂದೆ ಊರಿನ ಎಂಟು-ಹತ್ತು ಜನ ನಿಂತಿದ್ದರು. ಯಾರೂ ಮಾತಾಡಲಿಲ್ಲ. ಅವನು ಒಂದು ರೂಪಾಯಿ ಮುಟ್ಟದೆ ಎಲ್ಲವನ್ನೂ ಅಲ್ಲೇ ಊರವರ ಕೈಗೆ ಕೊಟ್ಟ. ಆದರೂ ಬಡ್ಡಿ ಎಷ್ಟಾಗಿತ್ತು ಅಂತ ಒಬ್ಬರು ಕೇಳಿಯೇಬಿಟ್ಟರು. ಅವನ ಮುಖ ನೋಡಲಾಗಲಿಲ್ಲ ನನಗೆ.

ಇನ್ನು ನಿಮ್ಮ ಖರ್ಚು. ಹಂಪಿಯ ಲಾಡ್ಜು, ಹಿಂದೆ ಬರುವ ಗಾಡಿ, ಟೀ ಶರ್ಟು, ಇದೆಲ್ಲ ನಿಮ್ಮ ಕಿಸೆಯಿಂದ ಅಥವಾ ಅದಕ್ಕೆಂದೇ ಕೊಟ್ಟ ಪ್ರಾಯೋಜಕರಿಂದ. ದೇಣಿಗೆಯಿಂದ ಒಂದು ಬಾಳೆಹಣ್ಣನ್ನೂ ಕೊಳ್ಳಬೇಡಿ. ಇದನ್ನು ಮೊದಲ ಸಂದೇಶದಲ್ಲೇ ಬರೆಯಿರಿ. 'ನಮ್ಮ ಖರ್ಚು ನಮ್ಮದು, ನಿಮ್ಮ ಹಣ ಪೂರ್ತಿ ಶಾಲೆಗೆ' ಅನ್ನೋ ಒಂದು ಸಾಲು ನೀವು ತುಳಿಯುವ ಕಿಲೋಮೀಟರ್‌ಗಿಂತ ಜಾಸ್ತಿ ಕೆಲಸ ಮಾಡುತ್ತದೆ. ಮತ್ತೆ ಆ ಫ್ಲೆಕ್ಸ್ ಬ್ಯಾನರ್ ದಯವಿಟ್ಟು ಬೇಡ. ಚೆನ್ನಮ್ಮ ಸರ್ಕಲ್ ಸುತ್ತ ಇರೋದೇ ಸಾಕಾಗಿದೆ.

ಪ್ರಶ್ನೆ: ನಾನು ಹಾವೇರಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ನನ್ನದು ಗೇರ್ ಇಲ್ಲದ ಸೈಕಲ್. 60,000 ರೂಪಾಯಿ ಸೈಕಲ್ ಇಲ್ಲದೆ 200 ಕಿ.ಮೀ. ಆಗೋದಿಲ್ಲ ಅಂತ ಗೆಳೆಯರು ನಗುತ್ತಾರೆ.

ಉತ್ತರ: ನಗಲಿ ಬಿಡು ತಮ್ಮಾ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಅಂದರೆ ಗಂಟೆಗೆ 15 ಕಿ.ಮೀ.ಗಿಂತ ಒಂಚೂರು ಕಡಿಮೆ. ಹಾವೇರಿಯಿಂದ ಹೆದ್ದಾರಿ ಹಿಡಿದರೆ ಏರು ಅಂಥದ್ದೇನೂ ಇಲ್ಲ. ಗೇರ್ ಇಲ್ಲದೆಯೂ ಆಗುತ್ತದೆ, ಮೊಣಕಾಲು ಒಪ್ಪಬೇಕು ಅಷ್ಟೇ. ಇರುವ ಸೈಕಲ್‌ಗೇ ಹೊಸ ಟೈರು, ಟ್ಯೂಬು ಹಾಕಿಸು. ಚೈನು ತೊಳೆದು ಎಣ್ಣೆ ಬಿಡು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ಒತ್ತಿದರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರಕ್ಕೆ ಸೀಟು ಏರಿಸು. ನಮ್ಮ ಕಡೆ ಎಲ್ಲರೂ ಸೀಟು ಕೆಳಗಿಟ್ಟುಕೊಂಡು ಮೊಣಕಾಲು ನೋಯಿಸಿಕೊಳ್ಳುತ್ತಾರೆ. ಜೊತೆಗೆ ಒಂದು ಹೆಚ್ಚಿನ ಟ್ಯೂಬು, ಪಂಪು, ಪಂಕ್ಚರ್ ಸಾಮಾನು. ಪಂಕ್ಚರ್ ಹಾಕೋದನ್ನು ಮನೆಯಲ್ಲೇ ಕಲಿತುಕೋ.

ಹೊಸದು ಕೊಳ್ಳುವ ಹಾಗಾದರೆ ದಪ್ಪ ಟೈರಿನ, ಮುಂದೆ ಹಿಂದೆ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ ಮಾತ್ರ ತಗೋಬೇಡ. ನೋಡಲು ಬುಲೆಟ್ ಗಾಡಿ ಹಾಗೆ ಇರುತ್ತದೆ, ತುಳಿದ ಶಕ್ತಿಯೆಲ್ಲ ಸ್ಪ್ರಿಂಗು ತಿಂದುಬಿಡುತ್ತದೆ.

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತ ನಾನು. ಸೈಕಲ್‌ನವರು ತಿನ್ನೋ ಜೆಲ್ ಪ್ಯಾಕೆಟ್ ಬಹಳ ತುಟ್ಟಿ. ನಮ್ಮ ಊಟದಲ್ಲೇ ಏನಾದರೂ ಇದೆಯಾ?

ಉತ್ತರ: ಇದೆ, ಅಣ್ಣಾರೇ, ಬೇಕಾದಷ್ಟಿದೆ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಒಳಗೆ ಹೋಗಬೇಕು. ಎರಡು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 50 ಗ್ರಾಂ ಸಿಗುತ್ತದೆ. ಜೆಲ್ ಅನ್ನೋದು ಅದನ್ನೇ ಪ್ಯಾಕೆಟ್‌ಗೆ ತುಂಬಿದ್ದು. ನನ್ನ ಹ್ಯಾಂಡಲ್ ಚೀಲದಲ್ಲಿ ಇರೋದು ಮಾದ್ಲಿ. ಗೋದಿ, ಬೆಲ್ಲ, ಒಣಕೊಬ್ಬರಿ, ಗಸಗಸೆ. ಅದನ್ನು ಸ್ವಲ್ಪ ತುಪ್ಪ ಹಾಕಿ ನಿಂಬೆಹಣ್ಣಿನ ಗಾತ್ರದ ಉಂಡಿ ಕಟ್ಟಿ, ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತುತ್ತೇನೆ. ಕಾಗದದ ಎರಡು ತುದಿ ಪೆಪ್ಪರಮೆಂಟಿನಂತೆ ತಿರುವಿದರೆ ಒಂದೇ ಕೈಯಲ್ಲಿ ಹಲ್ಲಿನಿಂದ ಬಿಚ್ಚಬಹುದು, ಸೈಕಲ್ ನಿಲ್ಲಿಸಬೇಕಿಲ್ಲ. ತುಪ್ಪ ಜಾಸ್ತಿ ಆದರೆ ಬಿಸಿಲಿಗೆ ಕರಗಿ ಚೀಲವೆಲ್ಲ ಜಿಡ್ಡು. ಶೇಂಗಾ ಉಂಡಿಯೂ ಒಳ್ಳೆಯದೇ, ಆದರೆ ಶೇಂಗಾದಲ್ಲಿ ಎಣ್ಣೆ ಇರೋದರಿಂದ ನಿಧಾನಕ್ಕೆ ಅರಗುತ್ತದೆ. ಅದು ನಿಂತಾಗ ತಿನ್ನೋದಕ್ಕೆ.

ಬರೀ ನೀರು ಕುಡಿಯುತ್ತಾ ಹೋಗಬೇಡಿ. ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ನೀರೊಂದೇ ಜಾಸ್ತಿ ಆದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆಸುತ್ತು, ವಾಂತಿ ಬರುತ್ತದೆ, ಕೈ ಮೀರಿದರೆ ಪ್ರಾಣಕ್ಕೇ ಅಪಾಯ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಬೇಕಾದರೆ ನಿಂಬೆ. ಚಮಚ ಬೋಳಾಗಿರಲಿ, ಗುಡ್ಡೆ ಹಾಕಬೇಡಿ. ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಮಿರ್ಚಿ, ಗಿರ್ಮಿಟ್ಟು ಮನೆಗೆ ಬಂದ ಮೇಲೆ. ನೀವು ಬ್ಯಾಡಗಿಯವರು, ಕಾರಕ್ಕೆ ಹೆದರೋರಲ್ಲ, ಗೊತ್ತು. ನೂರನೇ ಕಿಲೋಮೀಟರ್‌ನಲ್ಲಿ ಹೊಟ್ಟೆಗೆ ಅದೆಲ್ಲ ಗೊತ್ತಾಗೋದಿಲ್ಲ.

ಪ್ರಶ್ನೆ: ಹುಬ್ಬಳ್ಳಿ ನವನಗರದಿಂದ ಒಬ್ಬ ತಾಯಿ ಬರೆಯುತ್ತಿದ್ದೇನೆ. ಮಗನಿಗೆ 22. ಕ್ಯಾನ್ಸರ್ ರೋಗಿಗಳ ನಿಧಿಗಾಗಿ 400 ಕಿ.ಮೀ. ತುಳಿಯುತ್ತಾನಂತೆ, ರಾತ್ರಿಯೆಲ್ಲ. ಈಗಾಗಲೇ ಜನ ದುಡ್ಡು ಕೊಟ್ಟಿದ್ದಾರೆ. ಬೇಡ ಅನ್ನಲೂ ಆಗುತ್ತಿಲ್ಲ, ನಿದ್ದೆಯೂ ಬರುತ್ತಿಲ್ಲ.

ಉತ್ತರ: ಅವ್ವಾರೇ, ನಿಮ್ಮ ಭಯ ಸುಮ್ನೆ ಅಲ್ಲ. ರಾತ್ರಿ ಸೈಕಲ್‌ಗೆ ದೊಡ್ಡ ಶತ್ರು ಲಾರಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿದ್ದೆಯೂ ಅಷ್ಟೇ ದೊಡ್ಡದು. ಬೆಳಗಿನ ಜಾವ ಮೂರರಿಂದ ಐದರೊಳಗೆ ಕಣ್ಣು ತೆರೆದಿದ್ದಂತೆಯೇ ಎರಡು ಸೆಕೆಂಡ್ ಮಂಪರು ಬಂದು ಹೋಗುತ್ತದೆ. ಆ ಎರಡು ಸೆಕೆಂಡ್‌ನಲ್ಲಿ ಸೈಕಲ್ ಹತ್ತು ಮೀಟರ್ ಹೋಗಿರುತ್ತದೆ. ಕೆನ್ನೆಗೆ ನೀರು ಹಾಕಿಕೊಂಡರೆ ಐದು ನಿಮಿಷದ ಉಪಯೋಗ. ಬಸ್ ಸ್ಟಾಪಿನ ಕಟ್ಟೆ ಮೇಲೆ ಅಲಾರಂ ಇಟ್ಟುಕೊಂಡು 20 ನಿಮಿಷ ಮಲಗುವುದೇ ಮದ್ದು.

ಮಗನನ್ನು ಕೂರಿಸಿಕೊಂಡು ಮೂರು ಮಾತು ಒಪ್ಪಿಸಿಕೊಳ್ಳಿ. ಹಿಂದಿನ ಕೆಂಪು ದೀಪ ಎರಡು ಇರಬೇಕು, ಒಂದು ಆರಿದರೆ ಇನ್ನೊಂದು. ಮಿನುಗುವ ಜಾಕೆಟ್ ಮೈಮೇಲೆ ಇರಬೇಕು, ಬ್ಯಾಗಿನೊಳಗೆ ಅಲ್ಲ. ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೇಲೆ ಕತ್ತಲಾದ ಮೇಲೆ ಹೋಗಬಾರದು, ಎರಡು ಊರಿನ ನಡುವೆ ನವನಗರ, ಉಣಕಲ್ ಮೇಲಿನ ಒಳದಾರಿಯಲ್ಲೇ ಬರಬೇಕು. ನೀವೂ ಒಂದು ಒಪ್ಪಿಕೊಳ್ಳಿ. ಗಂಟೆಗೊಮ್ಮೆ ಫೋನ್ ಮಾಡಬೇಡಿ. ಅವ್ವನ ಫೋನ್ ಅಂತ ಕತ್ತಲಲ್ಲಿ ಒಂದು ಕೈ ಬಿಟ್ಟು ಕಿಸೆ ತಡಕಾಡುತ್ತಾನೆ. ಲೈವ್ ಲೊಕೇಶನ್ ಹಾಕಿ ಹೋಗಲಿ, ನೀವು ನೋಡುತ್ತಿರಿ.

ಜನ ದುಡ್ಡು ಕೊಟ್ಟಿದ್ದಾರೆ ಅಂದಿರಲ್ಲ, ಆ ಮಾತೇ ನನಗೆ ಚಿಂತೆ ಹಚ್ಚಿದ್ದು. ಇಷ್ಟು ಜನ ಕೊಟ್ಟಿದ್ದಾರೆ, ಈಗ ಹೇಗೆ ನಿಲ್ಲಿಸಲಿ ಅಂತ ಹುಡುಗರು ಜ್ವರ ಬಂದರೂ ತುಳಿಯುತ್ತಾರೆ. ಹೊರಡುವ ಮೊದಲೇ ಎಲ್ಲರಿಗೂ ಬರೆದು ತಿಳಿಸಲಿ: ನಾನು 400 ಮುಗಿಸಿದರೂ, 150ಕ್ಕೆ ನಿಲ್ಲಿಸಿದರೂ ನೀವು ಕೊಟ್ಟದ್ದು ರೋಗಿಗಳಿಗೇ. ಕೆನಡಾದ ಟೆರ್ರಿ ಫಾಕ್ಸ್ ಕಥೆ ಅವನಿಗೆ ಹೇಳಿ. ಕ್ಯಾನ್ಸರ್‌ನಿಂದ ಒಂದು ಕಾಲು ಕಳೆದುಕೊಂಡ ಹುಡುಗ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನ, 5,373 ಕಿ.ಮೀ. ಆಗಿತ್ತು. ರೋಗ ಶ್ವಾಸಕೋಶಕ್ಕೆ ಹರಡಿ ನಡುವೆಯೇ ನಿಲ್ಲಿಸಬೇಕಾಯಿತು. ಓಟ ಮುಗಿಯಲೇ ಇಲ್ಲ. ಮುಂದಿನ ಫೆಬ್ರುವರಿ ಹೊತ್ತಿಗೆ ಕೂಡಿದ ಹಣ 2.4 ಕೋಟಿ ಡಾಲರ್ ದಾಟಿತ್ತು. ಕೆನಡಾದ ಪ್ರತಿಯೊಬ್ಬರಿಗೆ ಒಂದು ಡಾಲರ್ ಲೆಕ್ಕ. ಯಾರೂ ನಮ್ಮ ದುಡ್ಡು ವಾಪಸ್ ಕೊಡಿ ಅನ್ನಲಿಲ್ಲ.

ಪ್ರಶ್ನೆ: ಗದಗ-ಬೆಟಗೇರಿಯ ನಿವೃತ್ತ ನೌಕರ ನಾನು. ನೇರವಾಗಿ ಕೇಳುತ್ತೇನೆ. ದಾನ ಮಾಡೋರು ಸುಮ್ಮನೆ ಮಾಡಲಿ. ಅದಕ್ಕೆ ಸೈಕಲ್ ಏಕೆ, ದಾಖಲೆ ಏಕೆ? ಇದೆಲ್ಲ ಹೆಸರಿನ ಆಸೆ ಅಲ್ಲವೇ?

ಉತ್ತರ: ಹಿರಿಯರೇ, ಹೆಸರಿನ ಆಸೆ ಇರುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ನಿಮ್ಮ ಊರಿನಲ್ಲೇ ಉತ್ತರ ಇದೆಯಲ್ಲ. ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಊರೂರಿನಲ್ಲಿ ತುಲಾಭಾರ ಮಾಡುತ್ತಿದ್ದರು. ಒಂದು ತಟ್ಟೆಯಲ್ಲಿ ಅಜ್ಜಾರು, ಇನ್ನೊಂದರಲ್ಲಿ ನಾಣ್ಯ. ಹಾಗೆ ಬಂದದ್ದು ಆಶ್ರಮದ ಅಂಧ, ಅನಾಥ ಮಕ್ಕಳ ಊಟಕ್ಕೆ, ಪಾಠಕ್ಕೆ. ಅದೇ ಹಣವನ್ನು ಲಕೋಟೆಯಲ್ಲಿ ಹಾಕಿ ಸುಮ್ಮನೆ ಕೊಡಬಹುದಿತ್ತು. ಅಷ್ಟು ಹಣ ಬರುತ್ತಿತ್ತಾ? ತಕ್ಕಡಿ ಏಳುವುದನ್ನು ನೋಡಲು ಬಂದ ಜನ ಕಿಸೆಗೆ ಕೈ ಹಾಕುತ್ತಿದ್ದರು.

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಸೈಕಲ್ ಆಟದವನು ಬರುತ್ತಿದ್ದ. ನಿಮಗೂ ನೆನಪಿರಬೇಕು. ಊರ ನಡುವಿನ ಬಯಲಿನಲ್ಲಿ ಕಂಬ ನೆಟ್ಟು, ಮೈಕ್ ಕಟ್ಟಿ, ಅದರ ಸುತ್ತ ನಾಲ್ಕೈದು ದಿನ ಸೈಕಲ್‌ನಿಂದ ಇಳಿಯದೆ ಸುತ್ತುತ್ತಿದ್ದ. ಊಟ, ಸ್ನಾನ, ಕ್ಷೌರ ಎಲ್ಲ ಸೈಕಲ್ ಮೇಲೆ. ಅಂಗಿ ತುಂಬ ಪಿನ್ನು ಚುಚ್ಚಿದ ಒಂದು ರೂಪಾಯಿ, ಎರಡು ರೂಪಾಯಿ ನೋಟು. ಕೊಟ್ಟವರ ಹೆಸರು ಮೈಕಿನಲ್ಲಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇಳಿಯುತ್ತಾನೇನೋ ಅಂತ ನೋಡಲು ನಮ್ಮ ಓಣಿಯ ಹುಡುಗರು ಕಂಬಳಿ ಹೊದ್ದು ಕಾಯುತ್ತಿದ್ದರು. ನಮ್ಮವ್ವ ಅವನಿಗೆಂದು ಲೋಟದಲ್ಲಿ ಬಿಸಿ ಹಾಲು ಕಳಿಸಿದ್ದಳು. ನಾನು ಜೊತೆಯಲ್ಲೇ ಓಡುತ್ತಾ ಕೊಟ್ಟೆ, ಅವನು ಒಂದು ಹನಿ ಚೆಲ್ಲದೆ ಕುಡಿದು ಲೋಟ ವಾಪಸ್ ಕೊಟ್ಟ. ಅವನದು ಹೊಟ್ಟೆಪಾಡು, ದಾನವಲ್ಲ. ಆದರೆ ಗಿನ್ನೆಸ್‌ನವರು ಬಂದು ನೋಡಿದ್ದರೆ ಅವನಿಗಿಂತ ಒಳ್ಳೆ ಸಾಕ್ಷಿ ಯಾರ ಬಳಿ ಇತ್ತು? ಊರಿಗೆ ಊರೇ ನೋಡಿತ್ತು.

ಕಷ್ಟಪಡುವವನನ್ನು ಕಣ್ಣೆದುರು ಕಂಡಾಗ ನಮ್ಮ ಜನ ಕೊಡುತ್ತಾರೆ. ಅದಕ್ಕೇ ದೂರದ ದಾಖಲೆಗಿಂತ ಊರಿನ ದಾರಿ ಮೇಲೆ ಅಂತ ನಾನು ಹೇಳೋದು. ನಿಮ್ಮ ಮಾತಿನ ಅರ್ಧ ಭಾಗ ಒಪ್ಪುತ್ತೇನೆ: ಹಾರ, ಶಾಲು, ವೇದಿಕೆ ಮೇಲೆ ಹತ್ತು ಜನ ಗಣ್ಯರು, ಇದು ಬೇಡವೇ ಬೇಡ. ಬೀಳ್ಕೊಡುವ ಸಮಾರಂಭಕ್ಕೆ ಎರಡು ಗಂಟೆ ಭಾಷಣ ಇಟ್ಟು, ಸೈಕಲ್‌ನವನು ಹೊರಟಾಗ ಹನ್ನೊಂದರ ಬಿಸಿಲು. ಇದು ನಾನು ನೋಡಿದ್ದೇ.

ಪ್ರಶ್ನೆ: ಎರಡು ಸಣ್ಣ ಪ್ರಶ್ನೆ. ಒಂದು, ನೂರು ಕಿ.ಮೀ. ದಾಟಿದರೆ ಕೂರೋ ಜಾಗ ಉರಿ. ಏನು ಮಾಡಲಿ? ಎರಡು, ಗದಗದಿಂದ ಹುಬ್ಬಳ್ಳಿಗೆ ಹೋಗಿ ಬರುವ ಅಭ್ಯಾಸ ಮಳೆಗಾಲದಲ್ಲಿ ಯಾಕೆ ಇಷ್ಟು ಕಷ್ಟ?

ಉತ್ತರ: ಒಂದನೆಯದಕ್ಕೆ: ಮೆತ್ತನೆ ಸೀಟು ಕವರ್ ತೆಗೆದು ಎಸೆಯಿರಿ, ಅದರಿಂದಲೇ ತಿಕ್ಕಾಟ ಜಾಸ್ತಿ. ಪ್ಯಾಡ್ ಇರುವ ಸೈಕಲ್ ಚಡ್ಡಿ ಹಾಕಿ. ಅದರೊಳಗೆ ಬೇರೆ ಒಳಉಡುಪು ಹಾಕಬಾರದು, ಹೊಲಿಗೆ ಒತ್ತಿ ಗಾಯವಾಗುತ್ತದೆ. ಉಜ್ಜುವ ಜಾಗಕ್ಕೆ ಮೊದಲೇ ವ್ಯಾಸಲೀನ್. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ನಾಲ್ಕು ಸುತ್ತು ತುಳಿಯಿರಿ. ಮನೆಗೆ ಬಂದ ಕೂಡಲೇ ಚಡ್ಡಿ ತೊಳೆಯಿರಿ, ನಾಳೆ ಅನ್ನಬೇಡಿ.

ಎರಡನೆಯದಕ್ಕೆ: ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಪಡುವಣ ಗಾಳಿ ಜೋರು. ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಎರೆ ಹೊಲದ ಬಯಲು, ತಡೆಯಲು ಒಂದು ಗಿಡ ಇಲ್ಲ. ನಿಮ್ಮ ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಎದುರುಗಾಳಿ ಇದ್ದಾಗ ಅದೂ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ವೇಗದ ಹಟ ಬೇಡ. ಮೈ ಬಗ್ಗಿಸಿ, ಹಗುರ ಗೇರ್ ಹಾಕಿ, ಗಂಟೆಗೆ 14-15ರಲ್ಲಿ ಹೋಗಿ. ಗದಗದವರಿಗೆ ಒಂದು ಲಾಭ ಇದೆ: ಹೋಗುವಾಗ ಕಾಲಲ್ಲಿ ಕಸುವು ಇರುವಾಗಲೇ ಎದುರುಗಾಳಿ ಮುಗಿಯುತ್ತದೆ, ಬರುವಾಗ ಗಾಳಿ ಬೆನ್ನಿಗೆ. ಹುಬ್ಬಳ್ಳಿಯವರಿಗೆ ತಿರುಗಮುರುಗಾ. ಅವರು ಅಣ್ಣಿಗೇರಿಗೇ ತಿರುಗಿದರೆ ಒಳ್ಳೆಯದು. ಗದಗದವರೆಗೆ ಹಾರಿಕೊಂಡು ಬಂದು, ವಾಪಸ್ ಹೋಗಲಾರದೆ ಬಸ್ಸಿನ ಮೇಲೆ ಸೈಕಲ್ ಹಾಕಿ ಅಂತ ಕಂಡಕ್ಟರ್‌ಗೆ ಕೈ ಮುಗಿಯೋರನ್ನು ಜುಲೈನಲ್ಲಿ ಗದಗ ಬಸ್ ಸ್ಟ್ಯಾಂಡಿಗೆ ಹೋದರೆ ನೀವೇ ನೋಡಬಹುದು.